ಹೊಗಿ ಹೊರಗ, ಕೆಂಡ ಒಳಗ

ಹುನಗುಂದದ ನಮ್ಮ ಮನೆಯಲ್ಲಿ ಹೊಗೆ ಹೊರಗೆ ಹೋಗಲು ಒಂದೇ ದಾರಿ ಇತ್ತು. ಅಡುಗೆಮನೆಯ ಮಣ್ಣಿನ ಮಾಳಿಗೆಯಲ್ಲಿ, ಎರಡು ಜಂತಿಗಳ ನಡುವೆ, ಒಂದು ಬೆಳಕಿಂಡಿ. ಮಳೆ ಒಳಗೆ ಬೀಳಬಾರದೆಂದು ಅಪ್ಪ ಅದರ ಮೇಲೆ ತಗಡನ್ನು ಬಗ್ಗಿಸಿ ಟೊಪ್ಪಿಗೆಯಂತೆ ಕೂರಿಸಿದ್ದನಂತೆ. ಅಪ್ಪನ ಮುಖ ನನಗೆ ನೆನಪಿಲ್ಲ, ಆ ತಗಡು ನೆನಪಿದೆ. ಬೆಳಿಗ್ಗೆ ಆ ಕಿಂಡಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಒಲೆಯ ಪಕ್ಕಕ್ಕೆ ಇಳಿಯುತ್ತಿತ್ತು, ಒಲೆಯ ಹೊಗೆ ಅದೇ ಕೋಲನ್ನು ಹಿಡಿದು ಮೇಲಕ್ಕೆ ಹತ್ತುತ್ತಿತ್ತು. ಮನೆ ಅಗಲವಿರಲಿಲ್ಲ, ಉದ್ದ ಇತ್ತು. ಬೀದಿಗೆ ಕಟ್ಟೆ, ಕಟ್ಟೆಯ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಅಡುಗೆಮನೆಯ ಮಗ್ಗುಲಿಗೆ ಕಿಟಕಿಯಿಲ್ಲದ ಒಂದು ಕೋಣೆ, ಕೊನೆಗೆ ಹಿತ್ತಲು, ಹಿತ್ತಲಲ್ಲಿ ಬಚ್ಚಲು ಮತ್ತು ಒಂದು ಬೇವಿನ ಮರ. ಆ ಕೋಣೆಯ ಬಾಗಿಲು ಅಡುಗೆಮನೆಯೊಳಗೇ ತೆರೆಯುತ್ತಿತ್ತು. ಅಲ್ಲಿ ಏನು ಉರಿಸಿದರೂ ಅದರ ಹೊಗೆ ಅಡುಗೆಮನೆಗೆ ಬಂದು ಆ ಕಿಂಡಿಯಿಂದಲೇ ಹೋಗಬೇಕು. ಇಷ್ಟನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ.

ಪಡಸಾಲೆಯಲ್ಲಿ ಅವ್ವ ಖಾನಾವಳಿ ನಡೆಸುತ್ತಿದ್ದಳು. ಬೋರ್ಡು ಇರಲಿಲ್ಲ. ಕೋರ್ಟಿಗೆ ಬಂದ ಹಳ್ಳಿಯವರು ಮಧ್ಯಾಹ್ನ ‘ಸಿದ್ದವ್ವನ ಮನಿ ಎಲ್ಲಿ’ ಎಂದು ಕೇಳಿಕೊಂಡು ಬರುತ್ತಿದ್ದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮೊಸರು. ಉಣ್ಣುತ್ತ ಅವರು ತಮ್ಮ ವ್ಯಾಜ್ಯಗಳನ್ನೆಲ್ಲ ನಮ್ಮ ಗೋಡೆಗಳಿಗೆ ಕೇಳಿಸುತ್ತಿದ್ದರು. ಹಾಗಾಗಿ ಸಾಲೆಯಲ್ಲಿ ಕಲಿಯುವ ಮೊದಲೇ ನನಗೂ ಅಕ್ಕನಿಗೂ ತಾರೀಖು, ಕಬಜಾ, ಸ್ಟೇ ಎಂಬ ಮಾತುಗಳು ಬಾಯಿಪಾಠವಾಗಿದ್ದವು. ನಮ್ಮ ಆಟವೂ ಕೋರ್ಟಿನದೇ. ಅಕ್ಕ ನೀಲವ್ವ ನನಗಿಂತ ಏಳು ವರ್ಷ ದೊಡ್ಡವಳು, ಆದ್ದರಿಂದ ಯಾವಾಗಲೂ ಅವಳೇ ಜಡ್ಜ್. ಅವ್ವನ ಕರಿ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಜೋಳದ ಚೀಲದ ಮೇಲೆ ಕೂರುತ್ತಿದ್ದಳು. ನಾನು ಬೆಲ್ಲ ಕದ್ದವಳು, ಇಲ್ಲವೇ ಮೊಸರಿನ ಗಡಿಗೆ ಒಡೆದವಳು. ನಾನು ಕೈ ಕಟ್ಟಿ ನಿಂತು ಎಲ್ಲ ಒಪ್ಪಿಕೊಂಡರೂ ಅವಳು ತೀರ್ಪು ಕೊಡುತ್ತಿರಲಿಲ್ಲ. ಗಂಟಲು ದಪ್ಪ ಮಾಡಿ ‘ಮುಂದಿನ ತಾರೀಖಿಗಿ ಬಾ’ ಎಂದುಬಿಡುತ್ತಿದ್ದಳು. ನನಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ನಾನು ಏಳನೆಯ ಇಯತ್ತೆಯ ಅರ್ಧಕ್ಕೆ ಸಾಲೆ ಬಿಟ್ಟವಳು. ರೊಟ್ಟಿ ಬಡಿದಷ್ಟು ಸಲೀಸಾಗಿ ನನಗೆ ಬರೆಯಲು ಬರುವುದಿಲ್ಲ. ಆದರೂ ಈ ಒಂದು ಸಂಗತಿಯನ್ನು ನಾನೇ ಬರೆಯಬೇಕು. ನಮ್ಮ ಅವ್ವನ ಮೇಲೆ ಒಂದು ಮಾತು ಬಂದಿತ್ತು. ಜೇನುಹುಳ ಸಾಕಿ ಮಗಳನ್ನು ಕಚ್ಚಿಸಿದಳು ಎಂಬ ಮಾತು. ಅದನ್ನು ನಂಬಿ ಅಕ್ಕ ತವರು ಬಿಟ್ಟಳು. ಆ ಮಾತನ್ನು ಅವ್ವನ ತಲೆಯಿಂದ ಇಳಿಸುವುದು ನನ್ನೊಬ್ಬಳಿಂದ ಮಾತ್ರ ಆಗುತ್ತಿತ್ತು. ಅವ್ವ ಇರುವವರೆಗೆ ನಾನು ಇಳಿಸಲಿಲ್ಲ.

ಅಕ್ಕನನ್ನು ಕೆರೂರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಳು, ಹೆಣ್ಣು ಕೂಸು ಆಯಿತು. ಅವ್ವ ಖಾನಾವಳಿ ಮುಚ್ಚುವಂತಿರಲಿಲ್ಲ, ಆದ್ದರಿಂದ ಬಾಣಂತನದ ಕೆಲಸ ನನ್ನ ಪಾಲಿಗೆ ಬಂತು. ‘ಎರಡ ತಿಂಗಳು ಸಾಲಿ ಬಿಡು, ಆಮ್ಯಾಲ ಹೋಗೀಯಂತ’ ಎಂದಳು ಅವ್ವ. ಬೆಳಗಾದರೆ ನೀರು ಕಾಯಿಸುವುದು, ಕೂಸಿನ ಬಟ್ಟೆ ಒಗೆಯುವುದು, ಬೆಳ್ಳುಳ್ಳಿ ಸುಲಿಯುವುದು. ಎಣ್ಣೆ ತಿಕ್ಕಿ ಎರೆದ ಮೇಲೆ ತಾಯಿಗೂ ಕೂಸಿಗೂ ಹೊಗೆ ಕೊಡಬೇಕು. ಅಗ್ಗಿಷ್ಟಿಗೆಯ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ, ಚೂರು ಲೋಬಾನ ಹಾಕಿ, ಏಳುವ ಹೊಗೆಯ ಮೇಲೆ ಕೂಸನ್ನು ಆಡಿಸುವುದು, ಆಮೇಲೆ ಆ ಕೆಂಡವನ್ನು ಅಕ್ಕ ಮಲಗುವ ಹೊರಸಿನ ಕೆಳಗೆ ಇಡುವುದು. ಕೊಬ್ಬರಿ, ಗೋಡಂಬಿ ಹಾಕಿದ ಅಂಟಿನ ಉಂಡಿಗಳು ಡಬ್ಬಿಯಲ್ಲಿದ್ದವು. ಅವು ಅಕ್ಕನವು. ನನಗೆ ಡಬ್ಬಿ ಎತ್ತಿಕೊಡುವ ಕೆಲಸ. ಇದೆಲ್ಲ ಸಣ್ಣ ಮಾತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ನಮ್ಮ ಬೀದಿಯಲ್ಲೇ ಸಾಲೆಗೆ ಹೋಗುವ ಹುಡುಗಿಯರ ಸಾಲು ಹೋಗುತ್ತಿತ್ತು, ನಾನು ಕಟ್ಟೆಯ ಮೇಲೆ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿರುತ್ತಿದ್ದೆ.

ಒಂದು ಮಧ್ಯಾಹ್ನ, ಅಡುಗೆ ಮುಗಿದು ಒಲೆ ಆರಿ, ಪಡಸಾಲೆಯಲ್ಲಿ ಪಂಕ್ತಿ ಕೂತಿದ್ದಾಗ, ಅರಳೆ ಗಿರಣಿ ಶುರುವಾದಂಥ ಸದ್ದು ಕೇಳಿತು. ಬಿಸಿಲು ಒಮ್ಮೆ ಮಂಕಾಯಿತು. ಜನ ತಾಟು ಬಿಟ್ಟು ಎದ್ದರು. ಹೆಜ್ಜೇನಿನ ಹಿಂಡು ನಮ್ಮ ಮಾಳಿಗೆಯ ಮೇಲೆ ಸುತ್ತು ಹಾಕಿತು. ನಾವು ನೋಡುತ್ತಿದ್ದಂತೆಯೇ ಒಂದೊಂದಾಗಿ, ಹತ್ತಾಗಿ, ನೂರಾಗಿ ಅಪ್ಪ ಕೂರಿಸಿದ ತಗಡಿನ ಒಳಗಡೆಗೆ ಅಂಟಿಕೊಂಡವು. ಅಡುಗೆಮನೆಯಲ್ಲಿ ನಿಂತು ಮೇಲೆ ನೋಡಿದರೆ ಕಿಂಡಿಯಲ್ಲಿ ಆಕಾಶದ ಬದಲು ಕಪ್ಪನೆಯ, ಮಿಸುಕಾಡುವ ಒಂದು ಗಡ್ಡ. ಉಣ್ಣಲು ಬಂದವರಿಗೆಲ್ಲ ಅಂದು ತಮ್ಮ ಖಟ್ಲೆ ಮರೆತುಹೋಯಿತು. ಬಸಪ್ಪ ಕಾಕಾ ಎಂಬ ಮುದುಕ, ಬದುವಿನ ಜಗಳಕ್ಕೆ ನನ್ನ ಹುಟ್ಟಿಗಿಂತ ಮೊದಲಿಂದ ಕೋರ್ಟಿಗೆ ತಿರುಗುತ್ತಿದ್ದವನು, ಕೈ ತೊಳೆಯದೆಯೇ ತೀರ್ಮಾನ ಹೇಳಿದ.

“ಸಿದ್ದವ್ವ, ಇವು ಕಬಜಾ ಮಾಡ್ಯಾವು. ಹನ್ನೆರಡ ವರ್ಷ ಸುಮ್ನ ಬಿಟ್ಟಿ ಅಂದ್ರ ಮನಿ ಅವಕ್ಕ ಆಗ್ತೈತಿ ನೋಡು.”

“ಕಾಕಾ, ನೀ ದಿನಾ ಬಂದು ಕುಂತೀಯಲ್ಲ, ನಿನಗ ಆಗೇತೇನ ಮನಿ?” ಎಂದಳು ಅವ್ವ.

“ನಾ ರೊಟ್ಟಿ ಮ್ಯಾಲಷ್ಟ ದಾವೆ ಹಾಕಾವ,” ಎಂದ ಕಾಕಾ.

ಇನ್ನೊಬ್ಬ ಬಿದಿರಿನ ಗಳಕ್ಕೆ ಅರಿವೆ ಸುತ್ತಿ, ಚಿಮಣಿ ಎಣ್ಣೆಯಲ್ಲಿ ಅದ್ದಿ, ಪಂಜು ಹಚ್ಚಿ ಸುಟ್ಟುಬಿಡಬೇಕು ಎಂದ. ಇಬ್ಬರು ಹುಡುಗರು ಗಳ ತರಲು ಹೊರಟೇಬಿಟ್ಟರು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಕೆಳಗ ಹಸಿ ಬಾಣಂತಿ ಮಲಗ್ಯಾಳ. ನೀವು ಮ್ಯಾಲ ಸುಟ್ರ ಅವು ಎಲ್ಲಿ ಬೀಳ್ತಾವು, ನಿಮ್ಮ ಮನ್ಯಾಗೇನು? ಬ್ಯಾಡ. ಹಾದಿ ನಡದು ದಣದು ಬಂದಾವು. ಕುಂತು ದಣಿವಾರಿಸ್ಕೊಂಡು ಹೋಗ್ತಾವು. ನೀವೂ ಹಂಗ ಬರ್ತೀರಿ, ನಿಮಗೇನ ನಾ ಬೆಂಕಿ ಹಚ್ಚೀನೇನ?”

“ಸಿದ್ದವ್ವ ಹುಳಕ್ಕ ಸ್ಟೇ ಕೊಟ್ಲಪ,” ಎಂದು ಕಾಕಾ ನಕ್ಕು ಮತ್ತೆ ತಾಟಿನ ಮುಂದೆ ಕೂತ.

ಅವ್ವ ನಗಲಿಲ್ಲ. ಅಂದು ಸಂಜೆಯೊಳಗೆ ಅವಳು ಇಡೀ ಮನೆಯ ನಡೆಯನ್ನೇ ಬದಲಿಸಿದಳು. ಒಲೆಯನ್ನು ಹಿತ್ತಲಿಗೆ ಒಯ್ದು ಬೇವಿನ ಮರದ ಆಚೆ ಮೂರು ಕಲ್ಲಿಟ್ಟಳು. ಹೊಗೆ ಮಾಳಿಗೆಯ ಕಡೆ ಬರದಂತೆ ಜೋಳದ ದಂಟಿನ ತಟ್ಟಿ ಕಟ್ಟಿದಳು. ತನ್ನ ಹಳೆಯ ಇಳಕಲ್ ಸೀರೆಯನ್ನು ಕಿಂಡಿಯ ಕೆಳಗೆ ಜಂತಿಯಿಂದ ಜಂತಿಗೆ ಬಿಗಿದಳು, ದಾರಿ ತಪ್ಪಿದ ಹುಳ ಒಳಗೆ ಉದುರದಿರಲಿ ಎಂದು. ಸಂಜೆ ಅಡುಗೆಮನೆಯಲ್ಲಿ ದೀಪ ಹಚ್ಚುವಂತಿಲ್ಲ, ಒಗ್ಗರಣೆ ಒಳಗೆ ಹಾಕುವಂತಿಲ್ಲ. ಲಿಂಗಪೂಜೆಯ ಊದುಬತ್ತಿ ಕೂಡ ಕಟ್ಟೆಗೆ ಹೋಯಿತು. ಅಕ್ಕನನ್ನು ಬೇರೆ ಎಲ್ಲಿಗೆ ಒಯ್ಯುವುದು? ಪಡಸಾಲೆಯ ತುಂಬ ಗಂಡಸರು, ಹೊರಗೆ ಚಳಿ. ಕೋಣೆಯಲ್ಲೇ ಇರಲಿ, ಆದರೆ ಹೊಗೆ ಕೊಡುವುದು ಬಚ್ಚಲಲ್ಲಿ ಆಗಲಿ ಎಂದಳು. ಅಲ್ಲಿ ಹೊಗೆ ಪೂರ್ತಿ ಸತ್ತ ಮೇಲೆ, ಬೂದಿ ಮುಚ್ಚಿದ ಕೆಂಡವನ್ನಷ್ಟೇ ಒಳಗೆ ತರಬೇಕು. ಆ ಕೆಲಸ ನನ್ನದು. ನನ್ನ ಗದ್ದ ಹಿಡಿದು ಎರಡು ಸಲ ಹೇಳಿಸಿದಳು.

“ಏನಂದೆ, ಹೇಳು.”

“ಹೊಗಿ ಹೊರಗ, ಕೆಂಡ ಒಳಗ.”

“ಹಾಂ. ಇದೊಂದು ತಪ್ಪಬ್ಯಾಡ ನಮ್ಮವ್ವ.”

ತಪ್ಪದೆ ನಡೆದಷ್ಟು ದಿನ ಅವು ನಮಗೆ ಏನೂ ಮಾಡಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಅವು ಗೂಡು ಕಟ್ಟಲಿಲ್ಲ, ಜೇನು ಇಡಲಿಲ್ಲ, ಬರೀ ಒಂದನ್ನೊಂದು ಹಿಡಿದುಕೊಂಡು ಜೋತಿದ್ದವು. ಬಿಸಿಲೇರಿದಾಗ ಮೈ ಮೇಲೆ ಅಲೆಯೊಂದು ಹಾದಂತೆ ಎಲ್ಲ ಒಟ್ಟಿಗೆ ನಡುಗುತ್ತಿದ್ದವು. ಅವ್ವ ಹಿತ್ತಲಿನಿಂದ ರೊಟ್ಟಿಯ ಬುಟ್ಟಿ ಹೊತ್ತು ಅವುಗಳ ಕೆಳಗೇ ದಿನಕ್ಕೆ ಎಷ್ಟು ಸಲ ಹಾಯುತ್ತಿದ್ದಳೋ. ಓಡುತ್ತಿರಲಿಲ್ಲ, ತಲೆ ಬಗ್ಗಿಸುತ್ತಿರಲಿಲ್ಲ. ನಾಲ್ಕೈದು ದಿನ ಹೀಗೇ ನಡೆಯಿತು.

ಅಂದು ಬೆಳಿಗ್ಗೆ ನನ್ನ ಓರಗೆಯ ಹುಡುಗಿ ಕಟ್ಟೆಯ ಹತ್ತಿರ ನಿಂತು, ಪರೀಕ್ಷೆಗೆ ಕೂರುವವರ ಹೆಸರನ್ನು ಸಾಲೆ ಕಲಿಸುವ ಬಾಯಿಯವರು ಇಂದೇ ಬರೆದುಕೊಳ್ಳುತ್ತಾರೆ, ಬಾರದವರ ಹೆಸರು ಇಲ್ಲ ಎಂದು ಹೇಳಿ ಹೋದಳು. ನಾನು ಅಕ್ಕನಿಗೆ ಎರೆದು, ಬಚ್ಚಲಲ್ಲಿ ಹೊಗೆ ಕೊಟ್ಟು, ಒಳಗೆ ಮಲಗಿಸಿ, ಒಂದು ತಾಸು ಸಾಲೆಗೆ ಹೋಗಿ ಬರುತ್ತೇನೆ ಎಂದೆ.

“ಕೂಸಿಗಿ ಹೊಟ್ಟಿನೋವು ಅಂತ ರಾತ್ರಿ ಎಲ್ಲಾ ಅತ್ತೈತಿ. ಇನ್ನೊಂದ್ಸಲ ಬೆಚ್ಚಗ ಕೆಂಡ ಮಾಡಿ ಇಟ್ಟು ಹೋಗು,” ಎಂದಳು ಅಕ್ಕ.

“ತಡ ಆಗ್ತೈತಿ ಅಕ್ಕಾ. ಬೂದಿ ಕೂಡಾಕ ಭಾಳ ಹೊತ್ತು ಹಿಡಿತೈತಿ.”

“ಆದ್ರ ಆಗ್ಲಿ. ನೀ ಸಾಲಿಗಿ ಹೋಗಿ ಖರೇನ ಜಡ್ಜ್ ಆಗಾಕಿ ಏನ? ಮುಂದಿನ ತಾರೀಖಿಗಿ ಹೋಗು.”

ಅವಳು ಚೇಷ್ಟೆಗೆ ಅಂದಳು. ಆಟದ ಮಾತೇ ಅಂದಳು. ಕೂಸನ್ನು ಮಗ್ಗುಲಿಗೆ ಎಳೆದುಕೊಂಡು, ಕಣ್ಣು ಮುಚ್ಚಿ, ನಿದ್ದೆ ಹೋದಳು. ನಾನು ಹಿತ್ತಲಿಗೆ ಹೋಗಿ ಅಗ್ಗಿಷ್ಟಿಗೆಗೆ ಹೊಸ ಕೆಂಡ ತುಂಬಿದೆ. ಅವ್ವ ಮುಂದೆ ಪಡಸಾಲೆ ಸಾರಿಸುತ್ತಿದ್ದಳು. ಹಿತ್ತಲಲ್ಲಿ ಕೂತು ಬೂದಿ ಕೂಡುವವರೆಗೆ ಕಾಯಬೇಕಾದವಳು ನಾನು. ಕಾಯಲಿಲ್ಲ. ಉರಿಯುವ ಕೆಂಡವನ್ನೇ ಒಳಗೆ ತಂದೆ. ಕೋಣೆಯೊಳಗೂ ಒಯ್ಯಲಿಲ್ಲ. ಅದರ ಬಾಗಿಲ ಹೊರಗೆ, ಕಿಂಡಿಯ ನೇರಕ್ಕೆ, ಅವ್ವನ ಸೀರೆಯ ಕೆಳಗೆ ಇಟ್ಟೆ. ಡಬ್ಬಿಯಲ್ಲಿದ್ದ ಅಜವಾನವನ್ನೆಲ್ಲ ಸುರಿದೆ, ಬೆಳ್ಳುಳ್ಳಿ ಸಿಪ್ಪೆ ಸುರಿದೆ, ಲೋಬಾನದ ಇಡೀ ಗಟ್ಟಿ ಹಾಕಿದೆ. ಹೊಗೆ ಸೀರೆಗೆ ತಾಗಿ, ಅಂಚಿನಿಂದ ತೂರಿ ಮೇಲೆ ಹೋಗುವುದನ್ನು ನಿಂತು ನೋಡಿದೆ. ಆಮೇಲೆ ಪಾಟಿಚೀಲ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಬಿದ್ದೆ.

ಅವಸರಕ್ಕೆ ಹೀಗೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಖರೆ ಅಲ್ಲ. ಅವಸರ ಇದ್ದವಳು ಲೋಬಾನದ ಗಟ್ಟಿ ಹುಡುಕುವುದಿಲ್ಲ. ಹುಳ ಏಳಲಿ ಎಂದೇ ಮಾಡಿದೆ. ಎದ್ದರೆ ಅಕ್ಕ ಹೆದರುತ್ತಾಳೆ, ಹೆದರಿದರೆ ಕೆರೂರಿಗೆ ಹೋಗುತ್ತಾಳೆ, ಹೋದರೆ ನನಗೆ ಸಾಲೆ. ಕಚ್ಚುತ್ತವೆ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲವೇ? ಇತ್ತು. ಅದರ ಮೇಲೆ ನಾನು ಕಣ್ಣು ಮುಚ್ಚಿದ್ದೆ.

ಬಾಯಿಯವರು ನನ್ನ ಹೆಸರು ಬರೆದುಕೊಂಡರು. ನನ್ನ ಜಾಗದಲ್ಲಿ ಕೂತು ಬೆಂಚಿನ ಮೇಲೆ ಕೈಯಿಟ್ಟೆ, ಕೈಗೆ ಇನ್ನೂ ಲೋಬಾನದ ವಾಸನೆ ಇತ್ತು. ಸ್ವಲ್ಪ ಹೊತ್ತಿಗೆ ಸಾಲೆಯ ಗೇಟಿನ ಹೊರಗೆ ಯಾರೋ ಹೆಂಗಸು ಇನ್ನೊಬ್ಬಳಿಗೆ ಕೂಗಿ ಹೇಳುವುದು ಕೇಳಿತು, ‘ಸಿದ್ದವ್ವನ ಮನ್ಯಾಗ ಹುಳ ಎದ್ದಾವಂತ, ಆ ಕಡೆ ಹೋಗಬ್ಯಾಡ್ರಿ’. ನಾನು ಓಡಿದೆ. ಬೀದಿಯಲ್ಲಿ ಜನ ಮುಖಕ್ಕೆ ಟವೆಲ್ ಸುತ್ತಿಕೊಂಡು ದೂರ ನಿಂತಿದ್ದರು. ನಮ್ಮ ಬಾಗಿಲಿನಿಂದ ಒಂದು ಕರಿ ಕಂಬಳಿ ನಡೆದು ಬರುತ್ತಿತ್ತು. ಕಂಬಳಿಯ ಒಳಗೆ ಅಕ್ಕ, ಅಕ್ಕನ ಎದೆಯಲ್ಲಿ ಕೂಸು. ಕಂಬಳಿಯನ್ನು ಹೊರಗಿನಿಂದ ತಬ್ಬಿ ಹಿಡಿದು ಅವ್ವ ನಡೆಸಿಕೊಂಡು ಬರುತ್ತಿದ್ದಳು. ಅವಳಿಗೆ ಹೊದಿಕೆ ಇರಲಿಲ್ಲ. ಅವಳ ಮುಖ, ಕುತ್ತಿಗೆ, ರಟ್ಟೆ, ಎಲ್ಲೆಲ್ಲೂ ಹುಳ. ಆಗಲೂ ಅವಳು ಓಡಲಿಲ್ಲ, ಅಕ್ಕ ಎಡವಬಾರದೆಂದು ಒಂದೊಂದೇ ಹೆಜ್ಜೆ ಇಡಿಸುತ್ತಿದ್ದಳು.

ದವಾಖಾನೆಯಲ್ಲಿ ಮುಳ್ಳು ಕಿತ್ತು ಸೂಜಿ ಹಾಕಿದರು. ಅಕ್ಕ ಕೂಸಿನ ಮೇಲೆ ಬೋರಲು ಬಿದ್ದಿದ್ದಳಂತೆ, ಅವಳ ಬೆನ್ನು ತುಂಬ ಕಚ್ಚಿದ್ದವು. ಜ್ವರ ಬಂತು, ಎದೆಹಾಲು ಕೆಲವು ದಿನ ನಿಂತಿತು. ಕೂಸಿಗೆ ಹಿಮ್ಮಡಿಯಲ್ಲಿ ಒಂದೇ ಒಂದು ಕಡಿತ. ಸಂಜೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಅವಳ ಎರಡೂ ಕಣ್ಣು ಬಾತು ಮುಚ್ಚಿದ್ದವು, ಗೋಡೆ ಹಿಡಿದುಕೊಂಡು ಬಂದಳು. ಕೈಯಲ್ಲಿ ಅಗ್ಗಿಷ್ಟಿಗೆ. ಅದರ ತಳಕ್ಕೆ ಲೋಬಾನ ಕರಗಿ ಅಂಟಿತ್ತು, ಅದರಲ್ಲಿ ಅರೆಸುಟ್ಟ ಅಜವಾನ ಹೂತಿತ್ತು. ಕಣ್ಣು ಕಾಣದಿದ್ದರೂ ಮೂಗಿಗೆ ಗೊತ್ತಾಗಿತ್ತು.

“ಬೂದಿ ಹಚ್ಚಿ ತಿಕ್ಕು. ವಾಸನಿ ಹೋಗೂತನ ತಿಕ್ಕು.”

ನಾನು ತಿಕ್ಕಿದೆ. ಅವಳು ಬೇವಿನ ಮರಕ್ಕೆ ಒರಗಿ ಕೇಳುತ್ತ ಕೂತಿದ್ದಳು.

“ಕೆರೂರಾವ್ರು ಬರ್ತಾರ. ಏನ್ ಕೇಳಿದ್ರೂ ನನ್ನ ಕೇಳ್ಲಿ. ನೀ ಬಾಯಿ ಬಿಡಬ್ಯಾಡ.”

ಹೊಡೆಯಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಬಾಯಿ ಬಿಡಬೇಡ ಎಂದು ಅವಳು ಹೇಳಿದ್ದು ಬರುವ ಬೀಗರ ಎದುರಿಗೆ. ನಾನು ಅದನ್ನು ಜೀವಮಾನದ ಅಪ್ಪಣೆ ಮಾಡಿಕೊಂಡೆ, ಯಾಕೆಂದರೆ ಅದು ನನಗೆ ಅನುಕೂಲವಾಗಿತ್ತು.

ಮರುದಿನ ಮೊದಲ ಬಸ್ಸಿಗೆ ಅಕ್ಕನ ಅತ್ತೆ ಬಂದಳು. ಕಟ್ಟೆಯ ಮೇಲೆ ಕೂರಲಿಲ್ಲ, ನೀರು ಮುಟ್ಟಲಿಲ್ಲ.

“ಬೀಗತಿ, ನಿಮಗ ಸಾಕಾಕ ಹುಳ ಬೇಕಾಗಿದ್ವು, ಹೊಟ್ಟೀಲೆ ಹುಟ್ಟಿದಾಕಿ ಬ್ಯಾಡಾಗಿದ್ಲು. ಊರಾಗಿನ ಮಂದಿ ಎಲ್ಲಾ ಸುಡ್ರಿ ಅಂದ್ರಂತ. ನೀವು ದೊಡ್ಡ ಶರಣರು.”

“ತಪ್ಪಾತ್ರಿ. ನಂದ ತಪ್ಪು,” ಎಂದಳು ಅವ್ವ.

ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ‘ನಂದ’ ಎಂಬ ಮಾತನ್ನು ಅವಳು ಸ್ವಲ್ಪ ಗಟ್ಟಿಯಾಗಿ ಹೇಳಿದಳು, ನನಗೆ ಕೇಳಲಿ ಎಂಬ ಹಾಗೆ. ಅಕ್ಕನನ್ನು ಜ್ವರದಲ್ಲೇ ಎಬ್ಬಿಸಿ ಕರೆದುಕೊಂಡು ಹೊರಟರು. ಅವ್ವ ಅಂಟಿನ ಉಂಡಿಯ ಡಬ್ಬಿಯನ್ನು ಅವಳ ಕೈಗೆ ಕೊಟ್ಟಳು. ಅಕ್ಕ ಅದನ್ನು ಹಿಡಿದು ಒಂದು ಗಳಿಗೆ ನಿಂತಳು.

“ಬಿಡಬ್ಯಾಡ ಅವನ್ನ, ಓಡಿಸು ಅಂತ ನಾನೂ ಅಂದಿದ್ದೆ ಅವ್ವಾ. ನಿನಗ ನಾ ಹೆಚ್ಚಾಗಲಿಲ್ಲ.”

ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದಳು.

ಹುಳ ಆಗಲೇ ಮತ್ತೆ ತಗಡಿಗೆ ಮರಳಿದ್ದವು. ಅಂದು ಪಂಜು ಹಿಡಿದು ಬಂದ ಹುಡುಗರನ್ನು ಯಾರೂ ತಡೆಯುವಂತಿರಲಿಲ್ಲ. ಆದರೂ ಅವ್ವ ಆ ಬಾತ ಮುಖದಲ್ಲೇ ಬಾಗಿಲಿಗೆ ಬಂದು ನಿಂತಳು. ಈಗ ಸುಟ್ಟರೆ ಹೋದವಳು ತಿರುಗಿ ಬರುತ್ತಾಳೇನು ಎಂದು ಕೇಳಿದಳು. ಹುಡುಗರು ಅವಳ ಮುಖ ನೋಡಿ ಗಳ ಕೆಳಗಿಳಿಸಿದರು. ಎರಡು ದಿನ ಕಳೆದ ಮೇಲೆ, ಬಿಸಿಲು ಏರುವ ಹೊತ್ತಿಗೆ, ಅವು ಬಂದ ಸದ್ದಿನಲ್ಲೇ ಎದ್ದು ಇಳಕಲ್ಲಿನ ದಿಕ್ಕಿಗೆ ಹೋದವು. ಅವ್ವ ಸೀರೆ ಬಿಚ್ಚಿ ಕೊಡವಿದಳು, ಸತ್ತ ಹುಳಗಳು ಉದುರಿದವು. ಒಲೆಯನ್ನು ಒಳಗೆ ತಂದು ಹಚ್ಚಿದಳು. ನನ್ನ ಹೆಸರು ಸಾಲೆಯ ಪುಸ್ತಕದಲ್ಲಿತ್ತು, ಯಾರೂ ನನ್ನನ್ನು ತಡೆಯಲಿಲ್ಲ. ನಾನೇ ಹೋಗಲಿಲ್ಲ. 'ಹೋಗವ್ವ' ಎಂದು ಅವ್ವ ಒಂದು ಸಲ ಅಂದಳು. ನಾನು ರೊಟ್ಟಿ ಬಡಿಯುವ ಕೊಣಮಿಗೆಯ ಮುಂದೆ ಕೂತು ಹಿಟ್ಟು ನಾದಲು ಶುರು ಮಾಡಿದೆ. ಅಂದಿನಿಂದ ಇಂದಿನವರೆಗೆ ನನ್ನ ಕೈ ಆ ಕೆಲಸ ಬಿಟ್ಟಿಲ್ಲ.

ಮುಂದಿನ ಎರಡು ಬಾಣಂತನಗಳಿಗೆ ಅಕ್ಕ ನಮ್ಮಲ್ಲಿಗೆ ಬರಲಿಲ್ಲ. ಕರೆಯಲು ಹೋದ ಅವ್ವ ಎರಡು ಸಲವೂ ಒಬ್ಬಳೇ ತಿರುಗಿ ಬಂದಳು. ಹಬ್ಬಕ್ಕೆ ಬಂದರೂ ಅಕ್ಕ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಊಟದ ಹೊತ್ತಿಗೆ ಮೊದಲೇ ಬಸ್ಸು ಹಿಡಿಯುತ್ತಿದ್ದಳು. ಅವ್ವನೊಂದಿಗೆ ಆಡುವ ಮಾತು ಖಾನಾವಳಿಗೆ ಬಂದ ಗಿರಾಕಿಯ ಮಾತಿನ ಹಾಗೆ ಇರುತ್ತಿತ್ತು. ನನ್ನ ಮದುವೆಯಾಯಿತು. ಗಂಡ ನಮ್ಮ ಮನೆಗೇ ಬಂದು ಇದ್ದ, ಈಗ ಅವನೂ ಇಲ್ಲ. ಅಷ್ಟು ವರ್ಷಗಳಲ್ಲಿ ಹೇಳಲು ನನಗೆ ಎಷ್ಟು ಸಂದರ್ಭಗಳಿದ್ದವು ಎಂಬುದು ನನಗೆ ಗೊತ್ತು. ಅವ್ವ ಹಾಸಿಗೆ ಹಿಡಿದಾಗ ಬಾಗಿಲ ಕಡೆ ನೋಡಿ ‘ನೀಲಾ ಬಂದ್ಲೇನ’ ಎಂದು ಕೇಳುತ್ತಿದ್ದಳು. ಬಸ್ಸು ತಡ ಆಗೇತಿ ಎನ್ನುತ್ತಿದ್ದೆ. ಅಕ್ಕ ಬಂದದ್ದು ಅವ್ವನ ಮಣ್ಣಿಗೆ. ಅಂದೂ ಉಣ್ಣದೆ ಹೋದಳು.

ಹೋದ ಚಳಿಗಾಲದಲ್ಲಿ ಅಕ್ಕನ ಫೋನು ಬಂತು. ತಾನಾಗಿ ಅವಳು ಫೋನು ಮಾಡುವುದೇ ಅಪರೂಪ.

“ಪಾರಿ, ಆವಾಗ ಅವ್ವ ಹುಳಕ್ಕ ಏನೇನ್ ಮಾಡಿದ್ಲು, ನಿನಗ ನೆನಪೈತೇನ?”

“ಯಾಕಕ್ಕಾ?”

“ನಮ್ಮ ಮನಿ ಸಜ್ಜಾದ ಕೆಳಗ ಬಂದು ಕುಂತಾವು. ಈರಣ್ಣ ಔಷಧ ಹೊಡಿಯೋ ಪಂಪ ತಂದಿಟ್ಟಾನ. ಹೊಡಿ ಅನ್ನಾಕ ನನಗ ಬಾಯಿ ಬರವಲ್ದು. ಬಿಡು ಅನ್ನಾಕ ಧೈರ್ಯ ಇಲ್ಲ.”

“ಪಂಪ ಮುಟ್ಟಬ್ಯಾಡ ಅನ್ನು. ನಾ ಬರ್ತೇನಿ.”

ಖಾನಾವಳಿಗೆ ಬೀಗ ಹಾಕಿ ಹೊರಟೆ. ಬಾಗಲಕೋಟೆಯಲ್ಲಿ ಬಸ್ಸು ಬದಲಿಸುವಾಗ ನನ್ನೊಳಗೆ ಒಂದು ಮಾತು ಗಟ್ಟಿಯಾಯಿತು. ಅವ್ವ ಮಾಡಿದ್ದನ್ನೆಲ್ಲ ಆ ಮನೆಯಲ್ಲಿ ಮಾಡಿ ತೋರಿಸಬೇಕು. ಅವು ತಾವಾಗಿ ಎದ್ದು ಹೋಗುವುದನ್ನು ಅಕ್ಕ ತನ್ನ ಕಣ್ಣಿಂದ ನೋಡಬೇಕು. ಅದಕ್ಕೂ ಮೊದಲು ನಾನು ಹೇಳಬೇಕು. ನೋಡಿದ ಮೇಲೆ ಹೇಳುವುದು ಸುಲಭ, ಅದಕ್ಕೇ ಮೊದಲು.

ಕೆರೂರಿನ ಮನೆಗೆ ಸಿಮೆಂಟಿನ ಛತ್ತು, ಕಿಂಡಿ ಇಲ್ಲ. ಮುಂಬಾಗಿಲಿನ ಮೇಲಿನ ಸಜ್ಜಾದ ಕೆಳಗೆ ಅದೇ ಕರಿ ಗಡ್ಡ ಜೋತಿತ್ತು. ಅಕ್ಕನ ಮಗ ಈರಣ್ಣ ಪಂಪನ್ನು ಬಗಲಿಗೆ ಇಟ್ಟುಕೊಂಡೇ ಕೂತಿದ್ದ.

“ಚಿಗವ್ವಾ, ಹತ್ತ ಮಿನಿಟಿನ ಕೆಲಸ. ಮೊಬೈಲ್‌ನ್ಯಾಗ ನೋಡೀನಿ.”

“ಮೊಬೈಲ್‌ನ್ಯಾಗ ಕಡಿಯೂದಿಲ್ಲಪ ಅವು. ಗಾಡಿ ಆಚೀ ಓಣ್ಯಾಗ ಹಚ್ಚು. ಮುಂದಿನ ಬಾಗಿಲ ಬಂದ್ ಮಾಡು, ಮಂದಿ ಹಿತ್ತಲ ಕಡಿಂದ ಬರ್ಲಿ. ಸಂಜೀಕ ಈ ಕಡೆ ಲೈಟ್ ಹಚ್ಚಬ್ಯಾಡ್ರಿ.”

ಕಿಟಕಿಗಳ ಸಂದಿಗೆ ಒದ್ದೆ ಅರಿವೆ ತುರುಕಿದೆ. ದೇವರ ಊದುಬತ್ತಿಯನ್ನು ಹಿಂದೆ ಒಯ್ದೆ. ಗ್ಯಾಸಿನ ಒಲೆಯನ್ನು ಹಿತ್ತಲಿಗೆ ಎತ್ತಿಸಿದೆ. ಅಕ್ಕ ನಾನು ಮಾಡುವುದನ್ನೆಲ್ಲ ಸುಮ್ಮನೆ ನೋಡುತ್ತಿದ್ದಳು. ನಾನು ರೊಟ್ಟಿ ಬಡಿಯಲು ಕೂತೆ, ಅವಳು ಎದುರಿಗೆ ಕೂತು ಬೇಯಿಸತೊಡಗಿದಳು. ಈರಣ್ಣ ಹೊರಗೆ ಹೋದ ಮೇಲೆ ಹೇಳಿದೆ.

“ಅಕ್ಕಾ, ಆವತ್ತ ಹುಳ ತಾವ ಎದ್ದಿರಲಿಲ್ಲ. ನಾ ಎಬ್ಬಿಸಿದ್ದೆ. ಕಿಂಡಿ ಕೆಳಗ ಅಗ್ಗಿಷ್ಟಿಗಿ ಇಟ್ಟು, ಲೋಬಾನ ಹಾಕಿ, ಸಾಲಿಗಿ ಹೋಗಿದ್ದೆ.”

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಅವಳು ಅದನ್ನು ತೆಗೆದು ಬದಿಗಿಟ್ಟಳು.

“ಬೇಕಂತ?”

“ಹೂಂ. ಬೇಕಂತ.”

“ಅವ್ವಗ ಗೊತ್ತಿತ್ತ?”

“ಅವತ್ತ ಸಂಜೀಕೇ ಗೊತ್ತಾತು.”

“ಮತ್ತ ನನಗ್ಯಾಕ ಹೇಳಲಿಲ್ಲ ಆಕಿ?”

“ಹೇಳಿದ್ರ ಕೂಸಿನ ಕೊಲ್ಲಾಕ ಹೋಗಿದ್ಲು ಅಂತ ನನಗ ಹೆಸರ ಬರ್ತಿತ್ತು. ಅದಕ್ಕ ತನ್ನ ಮ್ಯಾಲ ಹಾಕ್ಕೊಂಡ್ಲು. ನಾ ಹಾಕ್ಕೊಳ್ಳಾಕ ಬಿಟ್ಟೆ.”

ಅಕ್ಕ ನನಗಲ್ಲ, ಒಲೆಗೆ ಹೇಳುವಂತೆ ಹೇಳಿದಳು.

“ನಾ ಆಕೀ ಉಂಡಿ ಡಬ್ಬಿ ಕಟ್ಟಿಮ್ಯಾಲ ಇಟ್ಟು ಬಂದ್ನೆಲ್ಲ.”

ಒಲೆ ಆರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿಬಿಡಬೇಕು ಎನ್ನಿಸಿತು. ಹೋಗಲಿಲ್ಲ. ಒಮ್ಮೆ ಹಿತ್ತಲ ಬಾಗಿಲಿನಿಂದ ಹೋದವಳು ನಾನು. ಹುಳ ಹೋಗುವವರೆಗೆ ಇರುತ್ತೇನೆ ಎಂದು ಈರಣ್ಣನಿಗೆ ಹೇಳಿ ಹಿಂದಿನ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡೆ. ದಿನವೂ ಹಿತ್ತಲಲ್ಲಿ ಅಡುಗೆ ಮಾಡಿದೆ. ಅಕ್ಕ ಬಂದು ತಾಟು ಹಿಡಿದು ಉಂಡು ಹೋಗುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ಈರಣ್ಣ ಪಂಪನ್ನು ಮುಟ್ಟಿದಾಗೊಮ್ಮೆ ಮಾತ್ರ ಒಳಗಿನಿಂದ ಅವಳ ದನಿ ಕೇಳಿತು.

“ಚಿಗವ್ವ ಹೇಳಿದಂಗ ಕೇಳು. ಅದನ್ನ ಅಟ್ಟದ ಮ್ಯಾಲ ಇಡು.”

ಅವು ಹೋದದ್ದು ಒಂದು ಬೆಳಿಗ್ಗೆ. ಮೊದಲು ಗಡ್ಡದ ತುದಿ ಸಡಿಲಾಯಿತು, ಆಮೇಲೆ ಮೈಯೆಲ್ಲ ಬಿಚ್ಚಿಕೊಂಡಿತು. ಓಣಿಯ ತುಂಬ ಆ ಗಿರಣಿಯ ಸದ್ದು. ಅಕ್ಕ ಹಿತ್ತಲಿನಿಂದ ಸುತ್ತಿ ಬಂದು ಎದುರುಮನೆಯ ಗೋಡೆಯ ಹತ್ತಿರ ನಿಂತಳು. ನಾನು ಸ್ವಲ್ಪ ದೂರದಲ್ಲಿ ನಿಂತೆ. ಹಿಂಡು ಮನೆಯ ಮೇಲೆ ಒಂದು ಸುತ್ತು ಹಾಕಿ, ಬದಾಮಿಯ ಬೆಟ್ಟಗಳ ಕಡೆ ತಿರುಗಿ, ಸಣ್ಣದಾಗುತ್ತ ಹೋಯಿತು. ಸಜ್ಜಾದ ಕೆಳಗೆ ಒಂದು ಕಲೆಯೂ ಉಳಿದಿರಲಿಲ್ಲ. ಯಾರಿಗೂ ಒಂದು ಕಡಿತವಿಲ್ಲ. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಅವ್ವಂದು ಖರೆ ಇತ್ತು.”

“ಹೂಂ.”

“ಆಕೀ ಕೇಸು ಮುಗೀತು.”

ನಾನು ಚೀಲ ತೆಗೆದುಕೊಂಡೆ. ಬಾಗಿಲವರೆಗೆ ಬಂದಳು. ಕೇಳಬಾರದು ಎಂದುಕೊಂಡಿದ್ದೆ, ಆದರೂ ಕೇಳಿದೆ.

“ನಂದು?”

ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು. ಅಷ್ಟು ದಿನದಲ್ಲಿ ನೋಡಿದ್ದು ಅದೇ ಮೊದಲು. ನಗಲಿಲ್ಲ. ಗಂಟಲು ಮಾತ್ರ ಸ್ವಲ್ಪ ದಪ್ಪವಾಯಿತು.

“ಮುಂದಿನ ತಾರೀಖಿಗಿ.”

ಅವಳು ನನ್ನನ್ನು ಕೆರೂರಿಗೆ ಕರೆಯಲಿಲ್ಲ, ತಾನೇ ಬಂದಳು. ತಿಂಗಳಾಗುವ ಮೊದಲೇ ಒಂದು ಮಧ್ಯಾಹ್ನ ನಮ್ಮ ಕಟ್ಟೆ ಹತ್ತಿ, ಕೋರ್ಟಿನಿಂದ ಬಂದವರ ನಡುವೆ ದಾರಿ ಮಾಡಿಕೊಂಡು, ಪಡಸಾಲೆಯ ಪಂಕ್ತಿಯಲ್ಲಿ ಕೂತಳು. ‘ತಾರೀಖು ಐತಿ, ಅದಕ್ಕ ಬಂದೆ’ ಎಂದಳು. ಅಂದಿನಿಂದ ಆಗಾಗ ಬರುತ್ತಾಳೆ. ಬಂದಾಗಲೆಲ್ಲ ಉಣ್ಣುತ್ತ ಒಂದು ಪ್ರಶ್ನೆ ಕೇಳುತ್ತಾಳೆ. ಒಂದು ಸಲ, ಅಂದು ಕೆಂಡ ಇಟ್ಟು ಸಾಲೆಗೆ ಹೋಗುವ ಮುಂಚೆ ಕೂಸಿನ ಮುಖ ನೋಡಿದ್ದೆಯೇನು ಎಂದು ಕೇಳಿದಳು. ನೋಡಿದ್ದೆ ಎಂದೆ. ಇನ್ನೊಂದು ಸಲ, ಅವ್ವ ಕೊನೆಗೆ ತನ್ನನ್ನು ಕೇಳಿದಳೇನು, ಆಗ ನೀನು ಏನು ಹೇಳಿದೆ ಎಂದಳು. ಬಸ್ಸು ತಡ ಎಂದು ಅವ್ವನಿಗೆ ಹೇಳಿದ್ದ ಸುಳ್ಳನ್ನು ಒಪ್ಪಿಕೊಂಡೆ. ಅಂದು ಅವಳು ಅರ್ಧಕ್ಕೆ ಎದ್ದು ಹೋದಳು, ಆದರೆ ಮುಂದಿನ ತಿಂಗಳು ಬಂದಳು. ಇದೆಲ್ಲ ಎಲ್ಲಿಗೆ ಮುಟ್ಟುತ್ತದೆ ಎಂದು ನನಗೆ ಗೊತ್ತಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳುವುದು ಎಂದಷ್ಟೇ ಗಟ್ಟಿ ಮಾಡಿಕೊಂಡಿದ್ದೇನೆ. ಅಂಟಿನ ಉಂಡಿ ಕಟ್ಟಿ ಡಬ್ಬಿ ತುಂಬಿಕೊಡುತ್ತೇನೆ. ಈಗ ಅದನ್ನು ಕಟ್ಟೆಯ ಮೇಲೆ ಬಿಡುವುದಿಲ್ಲ, ಚೀಲದ ತಳಕ್ಕೆ ಇಟ್ಟುಕೊಂಡು ಹೋಗುತ್ತಾಳೆ. ಅವಳು ಚಪ್ಪಲಿ ಮೆಟ್ಟುವಾಗ ನಾನೇ ಕೇಳುತ್ತೇನೆ, ಅಕ್ಕಾ, ಮುಂದಿನ ತಾರೀಖು ಯಾವಾಗ ಎಂದು.